ಕೆಂಪು ಬಾಣವಿಲ್ಲದ ಕಾಗದ

ಫೆಬ್ರವರಿ 3

ಟೀಚರಕ್ಕನಿಗೆ,

ಮುಷ್ಕರದ ಕೊನೆಗೆ ಕೊಡುತ್ತೇವೆ ಎಂದದ್ದು: ಒಂದು ಕೋಣೆ, ಒಂದು ಕರಿಹಲಗೆ, ಕೂರಲು ಬೆಂಚು, ಶಿಫ್ಟಿನ ಒಳಗೇ ದಿನಕ್ಕೊಂದು ಗಂಟೆ ಇಂಗ್ಲಿಷ್ ಪಾಠ.

ಕೊಟ್ಟದ್ದು: ಕೋಣೆ. ಅದೂ ನೂಲಿನ ಉಗ್ರಾಣಕ್ಕೂ ಬಾಯ್ಲರಿಗೂ ನಡುವೆ, ಗೋಡೆಯ ಮೇಲೆ ಹಬೆಯ ಪೈಪು ಬುಸುಗುಡುವ ಕೋಣೆ. ಹಲಗೆ ಕೊಡಲಿಲ್ಲ, ಕಟಿಂಗ್ ಟೇಬಲಿನ ಮುರುಕು ಹಲಗೆಗೆ ನಾವೇ ಕಪ್ಪು ಬಳಿದೆವು. ಬೆಂಚು ಕೊಡಲಿಲ್ಲ; ಬಟ್ಟೆಯ ಮೂಟೆಗಳ ಮೇಲೆ ಕೂತೆವು. ಗಂಟೆ ಕೊಡಲಿಲ್ಲ; ಶಿಫ್ಟು ಮುಗಿಸಿ, ಸೊಂಟ ಹಿಡಿದುಕೊಂಡು ಕಲಿತೆವು.

ಈಗ ಕಿತ್ತುಕೊಳ್ಳುತ್ತಿರುವುದು: ಆ ಕೋಣೆಯನ್ನೂ.

ಮೊನ್ನೆ ಗೇಟಿಗೆ ಇಂಗ್ಲಿಷ್ ನೋಟಿಸ್ ಅಂಟಿಸಿದ್ದಾರೆ. ಪಾಠದ ಕೋಣೆಯನ್ನು ತೆರವು ಮಾಡಲಾಗುವುದು. ರಟ್ಟಿನ ಪೆಟ್ಟಿಗೆಗಳನ್ನು ಅಲ್ಲಿ ಇಡಲಾಗುವುದು. ಇಂಗ್ಲಿಷನ್ನು ಇನ್ನು ಮೊಬೈಲ್ ಆ್ಯಪಿನಲ್ಲಿ ಕಲಿಸಲಾಗುವುದು. ಮೂರು ವಾಕ್ಯ, ಮೂರರಲ್ಲೂ ಕರ್ತೃ ಇಲ್ಲ. ‘ಪ್ಯಾಸಿವ್ ವಾಯ್ಸ್ ಅಂದ್ರೆ ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಕಳ್ಳ. ಬಟ್ಟೆ ಎಳೆದು ನೋಡ್ರೇ, ಮಾಡಿದವನು ಯಾರು ಅಂತ’ ಎಂದು ನೀವು ಹೇಳುತ್ತಿದ್ದಿರಿ. ಎಳೆದು ನೋಡಿದೆವು. ಹೊಸ ಮ್ಯಾನೇಜರ್.

ಆ್ಯಪನ್ನು ಇಸ್ತ್ರಿ ಅತ್ತೆ ಒಂದು ದಿನ ಬಳಸಿ ನೋಡಿದಳು. ‘ತಪ್ಪು ಹೇಳಿದ್ರೆ ಟಿಂಗ್ ಅನ್ನುತ್ತೆ ಕಣೇ. ಯಾಕಪ್ಪಾ ತಪ್ಪು ಅಂತ ಕೇಳಿದ್ರೆ ಮತ್ತೆ ಟಿಂಗ್. ನನ್ನ ಗಂಡನೂ ಹಾಗೇ ಇದ್ದ’ ಎಂದಳು.

ಕಾರ್ಮಿಕ ಅಧಿಕಾರಿಯ ಮುಂದೆ ದೂರು ಇಟ್ಟಿದ್ದೇವೆ. ಕಂಪನಿಯ ದೊಡ್ಡವರು ಇಂಗ್ಲಿಷ್ ಬಿಟ್ಟು ಬೇರೆ ಏನನ್ನೂ ಓದುವುದಿಲ್ಲವಾದ್ದರಿಂದ ನಮ್ಮ ಅಹವಾಲನ್ನು ಇಂಗ್ಲಿಷಿನಲ್ಲೇ ಬರೆದಿದ್ದೇನೆ. ಕರಡು ಜೊತೆಗಿದೆ. ತಿದ್ದಿ ಕಳಿಸಿ. ನೀವು ಚೆಕಿಂಗ್ ಮೇಜು ಬಿಟ್ಟು ತಂಗಿಯ ಊರಿಗೆ ಹೋದ ಮೇಲೆ ಪಾಠ ಮಾಡುತ್ತಿರುವವಳು ನಾನೇ. ಆದರೂ ತಪ್ಪು ತೋರಿಸುವ ನಿಮ್ಮ ಕೆಂಪು ಬಾಣದ ಚೀಟಿ ಬೀಳದ ಕಾಗದ ನನಗೆ ಕಾಜಾ ಇಲ್ಲದ ಕಾಲರಿನ ಹಾಗೆ.

ನಮ್ಮ ಒಪ್ಪಂದ ಮರೆತಿಲ್ಲ ತಾನೇ? ಕಾಗದವೆಲ್ಲ ಇಂಗ್ಲಿಷಿನಲ್ಲೇ, ನಾನು ಬರೆದದ್ದು ಬಾಣ ಅಂಟಿಸಿಕೊಂಡು ವಾಪಸ್ ಬರಬೇಕು ಎಂದು. ಕಳೆದ ವರ್ಷ ನಾನು ಹಾಕಿದ ಎರಡು ಕಾಗದ ಬಾಣವೂ ಇಲ್ಲದೆ, ಉತ್ತರವೂ ಇಲ್ಲದೆ ಎಲ್ಲಿ ಹೋದವೋ! ಈ ಸಲ ಒಪ್ಪಂದ ಮುರಿದು ನಮ್ಮ ಮಾತಿನಲ್ಲೇ ಬರೆಯುತ್ತಿದ್ದೇನೆ. ಸಿಟ್ಟು ಬಂದಾಗ ನನ್ನ ಇಂಗ್ಲಿಷ್ ಹಳಿ ತಪ್ಪುತ್ತದೆ. ಫೋನ್ ಮಾಡು ಎನ್ನಬೇಡಿ. ಫೋನಿನಲ್ಲಿ ಬಾಣ ಅಂಟಿಸಲು ಆಗುವುದಿಲ್ಲ.

ನಿಮ್ಮ
ರೈಲು

ಫೆಬ್ರವರಿ 12

ರೈಲೇ,

ನಿನ್ನ ಕಾಗದ ನೋಡಿ ಎಷ್ಟೋ ದಿನದ ಮೇಲೆ ನಕ್ಕೆ. ನಿನಗೆ ಆ ಹೆಸರಿಟ್ಟವಳು ನಾನೇ ಅಲ್ಲವೇ? ಆಗ ನೀನು ಬರೆದರೆ ಇಡೀ ಪುಟಕ್ಕೆ ಒಂದು ಫುಲ್‌ಸ್ಟಾಪ್ ಇಲ್ಲ, ಒಂದು ಕಾಮಾ ಇಲ್ಲ, ಸ್ಟೇಷನ್ನೇ ಇಲ್ಲದ ರೈಲು. ‘ಎಲ್ಲೆಲ್ಲಿ ಉಸಿರು ಬೇಕೋ ಅಲ್ಲಲ್ಲಿ ಕಾಮಾ ಹಾಕ್ರೇ’ ಎಂದಾಗ ಇಸ್ತ್ರಿ ಅತ್ತೆ ಸೆರಗು ಬಾಯಿಗಿಟ್ಟುಕೊಂಡು, ‘ಈ ವಯಸ್ಸಲ್ಲಿ ನಮಗ್ಯಾಕಮ್ಮಾ ಕಾಮ?’ ಎಂದಿದ್ದಳು. ಅವತ್ತಿನ ಪಾಠ ಅಲ್ಲಿಗೇ ಮುಗಿಯಿತು.

ಒಪ್ಪಂದದ ಮಾತುಕತೆಯೂ ನೆನಪಾಯಿತು. ಅವರ ಕರಡಿನಲ್ಲಿ ಕೋಣೆ ಕೊಡುವ ಸಾಲಿನಲ್ಲಿ ‘ಮೇ’ ಎಂದಿತ್ತು. ಕೊಟ್ಟರೆ ಕೊಟ್ಟೇವು ಎಂಬ ಮೇ. ‘ಮೇ ಅನ್ನೋದು ಆಡು. ನಮಗೆ ಷಲ್ ಬೇಕು’ ಎಂದು ಅತ್ತೆ ಮೇಜು ಗುದ್ದಿದಳಲ್ಲ, ಆಗ ಹಳೇ ಮ್ಯಾನೇಜರ್ ಚಹಾದ ಲೋಟ ಹಿಡಿದು ಕುಳಿತೇ ಇದ್ದ. ಕೊಡಲೇಬೇಕು ಎಂಬ ‘ಷಲ್’ ಬಿತ್ತು. ಕಾರ್ಮಿಕರ ಪರವಾಗಿ ನಾನು ಸಹಿ ಹಾಕಿದೆ. ಆ ದಿನ ನಾವು ಗೇಟಿನಿಂದ ಹೊರಗೆ ಬಂದ ನಡಿಗೆ ನನಗೆ ಇನ್ನೂ ಕಾಲಿನಲ್ಲಿದೆ.

ಕರಡು ಚೆನ್ನಾಗಿದೆ. ಹಾಗೇ ಕೊಟ್ಟುಬಿಡು. ವಾಪಸ್ ಕಳಿಸಿದ್ದೇನೆ. ಇಂಗ್ಲಿಷ್ ಸಾಕಾಗಿದೆ ಮಾರಾಯ್ತಿ, ಇನ್ನು ನಮ್ಮ ಮಾತಿನಲ್ಲೇ ಬರೆಯೋಣ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ, ಪೆನ್ನಿನ ನಿಬ್ಬು ಹಾಳಾಗಿದೆ. ನನ್ನ ಆರೋಗ್ಯವನ್ನು ಚೆನ್ನಾಗಿ ನೋಡಿಕೊಳ್ಳಲಾಗುತ್ತಿದೆ.

ಟೀಚರಕ್ಕ

ಫೆಬ್ರವರಿ 20

ಟೀಚರಕ್ಕನಿಗೆ,

ಲಕೋಟೆ ಒಡೆದೆ. ಕರಡಿನ ಮೇಲೆ ಒಂದೇ ಒಂದು ಬಾಣ ಇಲ್ಲ. ಹಿಂದೆ ಮುಂದೆ ತಿರುವಿ ನೋಡಿದೆ, ಲಕೋಟೆಯನ್ನು ಕೊಡವಿದೆ, ಉದುರಿ ಹೋಗಿರಬಹುದೆಂದು ನೆಲ ತಡವಿದೆ. ಆಮೇಲೆ ಕುಣಿದುಬಿಟ್ಟೆ. ಎಲ್ಲರಿಗೂ ತೋರಿಸಿದೆ. ಗುಂಡಿ ಹಾಕುವ ಮೆಷಿನ್ನಿನವಳು ನನ್ನ ಗಲ್ಲ ಹಿಂಡಿ, ‘ನೀನು ಪಾಸು ಕಣೇ!’ ಎಂದಳು.

ಇಸ್ತ್ರಿ ಅತ್ತೆ ಮಾತ್ರ ಕುಣಿಯಲಿಲ್ಲ. ‘ಬಾಣ ಇಲ್ವಾ? ಸರಿಯಾಗಿ ನೋಡಿದ್ಯಾ? ಅವಳು ಮದುವೆ ಕರೆಯೋಲೆಗೂ ಬಾಣ ಅಂಟಿಸಿ ವಾಪಸ್ ಕೊಡೋಳು’ ಎಂದಳು.

ಶರ್ಟಿನಲ್ಲಿ ಹೊಲಿಗೆ ಜಾರಿದ ಕಡೆ ಅಂಟಿಸುವ ಕೆಂಪು ಬಾಣದ ಚೀಟಿಯನ್ನು ನೀವು ಮೊದಲ ಸಲ ಹಲಗೆಗೆ ಅಂಟಿಸಿದ ದಿನ ನೆನಪಿದೆಯಾ? ನಾವು ಕಟಿಂಗ್‌ನವರ ಚಪ್ಪಟೆ ಸೀಮೆಸುಣ್ಣದಲ್ಲಿ ವಾಕ್ಯ ಬರೆದಿದ್ದೆವು. ನೀವು ಬೈಯಲಿಲ್ಲ, ಅಳಿಸಲಿಲ್ಲ. ಬಾಣ ಅಂಟಿಸಿ ಮೂಟೆಯ ಮೇಲೆ ಕೂತಿರಿ. ‘ಬಾಣ ಬಿದ್ದ ಶರ್ಟು ಹೊಲಿದವಳ ಮೇಜಿಗೇ ಹೋಗುತ್ತೆ. ವಾಕ್ಯವೂ ಅಷ್ಟೇ. ಬರೆದವಳೇ ಬಿಚ್ಚಬೇಕು, ಬರೆದವಳೇ ಹೊಲಿಯಬೇಕು’ ಎಂದಿರಿ. ನನ್ನ ಬದುಕಿನಲ್ಲಿ ತಪ್ಪು ಮಾಡಿದ್ದಕ್ಕೆ ಯಾರೂ ಕೈ ಎತ್ತದೆ ಇದ್ದದ್ದು ಅದೇ ಮೊದಲು.

ಅತ್ತೆಯ ಮಾತಿನಿಂದ ಹುಳ ಹೊಕ್ಕಿತು. ಕರಡನ್ನು ನಾನೇ ಮತ್ತೆ ಓದಿದೆ. ‘ಅಫೆಕ್ಟ್’ ಇರಬೇಕಾದಲ್ಲಿ ‘ಎಫೆಕ್ಟ್’ ಬರೆದಿದ್ದೇನೆ. ‘ಕುಡ್ ಹ್ಯಾವ್’ ಅನ್ನು ಕಿವಿಗೆ ಕೇಳಿದಂತೆ ‘ಕುಡ್ ಆಫ್’ ಮಾಡಿದ್ದೇನೆ. ಇದಕ್ಕೆ ನೀವು ನನ್ನ ಬೆರಳನ್ನೇ ಇಸ್ತ್ರಿಗೆ ಕೊಡುತ್ತೇನೆಂದು ಹೆದರಿಸುತ್ತಿದ್ದಿರಿ. ಓದದೆಯೇ ಕಳಿಸಿದಿರಾ?

ಇನ್ನೊಂದು. ‘ನೋಡಿಕೊಳ್ಳಲಾಗುತ್ತಿದೆ’ ಎಂದು ಬರೆದಿದ್ದೀರಿ. ಯಾರು ನೋಡಿಕೊಳ್ಳುತ್ತಿದ್ದಾರೆ? ಏನನ್ನು? ಬಟ್ಟೆ ಎಳೆಯಲೇ?

ಹೊಸ ಕರಡು ಇಟ್ಟಿದ್ದೇನೆ. ದಯವಿಟ್ಟು ಕನ್ನಡಕ ಹಾಕಿಕೊಂಡು ಓದಿ.

ರೈಲು

ಮಾರ್ಚ್ 1

ರೈಲೇ,

ಇದೂ ಚೆನ್ನಾಗಿದೆ. ಹೋದ ಸಲ ಅವಸರದಲ್ಲಿದ್ದೆ, ಬಿಡು.

ನನ್ನ ತಂಗಿ ಬ್ಯಾಂಕಿಗೆ, ಅವಳ ಮಗಳು ಕಾಲೇಜಿಗೆ ಹೋದ ಮೇಲೆ ಮೂರನೇ ಮಹಡಿಯ ಈ ಮನೆಯಲ್ಲಿ ನಾನೂ ಗಡಿಯಾರವೂ ಇಬ್ಬರೇ. ಕಿಟಕಿಯಿಂದ ಬಸ್ ಡಿಪೋ ಕಾಣುತ್ತದೆ. ಸಂಜೆ ಐದೂವರೆಗೆ ಅಲ್ಲಿ ಶಿಫ್ಟು ಬದಲಾಗುವ ಗಂಟೆ ಹೊಡೆದರೆ ನನ್ನ ಕೈ ತಾನಾಗಿ ಸೀಮೆಸುಣ್ಣ ಹುಡುಕುತ್ತದೆ.

ಮೊನ್ನೆ ನಮ್ಮ ಕಂಪನಿಯಿಂದ ಇಬ್ಬರು ಬಂದಿದ್ದರು. ಒಳ್ಳೆಯ ಜನ. ‘ಮೇಡಂ, ನಿಮ್ಮ ಸೇವೆಗೆ ಕಂಪನಿ ಋಣಿಯಾಗಿದೆ’ ಎಂದರು. ನಾನು ಕೊಟ್ಟ ಚಹಾ ಕುಡಿದರು. ಅಭಿನಂದನೆಯದೋ ಏನೋ ಒಂದು ಕಾಗದ ತಂದಿದ್ದರು, ಸಹಿ ಹಾಕಿ ಕೊಟ್ಟೆ. ಪಾಠದ ಬಗ್ಗೆ ಅವರಿಗೂ ಗೌರವ ಇದೆ. ನೀವು ಸುಮ್ಮನೆ ಹಲ್ಲು ಮಸೆಯುವುದು ಬೇಡ, ಮಾತಾಡಿ ನೋಡಿ.

ಟೀಚರಕ್ಕ

ಮಾರ್ಚ್ 9

ಮೇಡಂ,

ಇನ್ನು ಮೇಲೆ ನೀವು ನನಗೂ ಮೇಡಮ್ಮೇ.

ಶುಕ್ರವಾರ ವಿಚಾರಣೆ ಇತ್ತು. ಅರ್ಧ ದಿನದ ಕೆಲಸ ಬಿಟ್ಟು ಎಲ್ಲರೂ ಹೋಗಿದ್ದೆವು. ಕಂಪನಿಯ ವಕೀಲ ಎದ್ದು ಒಂದು ಕಾಗದ ಬೀಸಿದ. ಇಂಗ್ಲಿಷ್ ಕಾಗದ, ಕೆಳಗೆ ನಿಮ್ಮ ಸಹಿ. ಅದರಲ್ಲಿ ಏನಿದೆ ಗೊತ್ತಾ? ಗೊತ್ತಿರಲೇಬೇಕಲ್ಲ. ಪಾಠ ನಿಮ್ಮ ಸ್ವಂತ ಹವ್ಯಾಸವಂತೆ. ಒಪ್ಪಂದಕ್ಕೂ ಅದಕ್ಕೂ ಸಂಬಂಧವಿಲ್ಲವಂತೆ. ಕೋಣೆ ತೆರವು ಮಾಡಲು ನಿಮ್ಮ ಆಕ್ಷೇಪಣೆ ಇಲ್ಲವಂತೆ.

ಇಸ್ತ್ರಿ ಅತ್ತೆ ಎದ್ದು, ‘ಸುಳ್ಳು! ಅವಳು ಓದದೆ ಸಹಿ ಹಾಕೋ ಪೈಕಿ ಅಲ್ಲ’ ಎಂದು ಕೂಗಿದಳು. ವಕೀಲ ನಕ್ಕ. ‘ನಿಜ ತಾಯಿ. ಚೆನ್ನಾಗಿ ಓದಿಯೇ ಸಹಿ ಹಾಕಿದ್ದಾರೆ. ನೋಡಿ, ನಡುವೆ ಒಂದು ಕಾಮಾ ಬಿಟ್ಟುಹೋಗಿತ್ತು, ತಮ್ಮ ಕೈಯಾರೆ ಸೇರಿಸಿದ್ದಾರೆ’ ಎಂದ. ಅತ್ತೆ ಕುಳಿತಳು. ಅವಳು ಅಷ್ಟು ಮೆತ್ತಗೆ ಕುಳಿತದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

ಅವರ ಕಾಗದಕ್ಕೆ ಕಾಮಾ ಇದೆ, ನಮ್ಮ ಕರಡಿಗೆ ಒಂದು ಬಾಣವಿಲ್ಲ!

ಕೇಳಿ. ಎರಡನೇ ಕರಡಿನಲ್ಲಿ ನಾನು ಬೇಕೆಂದೇ ‘ಲೂಸ್’ ಸೇರಿಸಿದ್ದೆ. ನೆನಪಿದೆಯಾ ಆ ಪದ? ನಮ್ಮ ಮೊಟ್ಟಮೊದಲ ಅರ್ಜಿ. ಕೆಲಸ ಕಳೆದುಕೊಳ್ಳುತ್ತೇವೆ ಎಂದು ಬರೆಯಲು ಹೋಗಿ ಒಂದು ‘ಓ’ ಹೆಚ್ಚಿಗೆ ಹಾಕಿ, ಕೆಲಸವನ್ನು ಸಡಿಲ ಮಾಡಿಕೊಳ್ಳುತ್ತೇವೆ ಎಂಬಂತೆ ಬರೆದಿದ್ದೆವು. ಹಳೇ ಮ್ಯಾನೇಜರ್ ಅದನ್ನು ಎಲ್ಲರೆದುರು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕ. ನಮ್ಮ ಹಸಿವಿಗೆ ಉತ್ತರ ಕೊಡಲಿಲ್ಲ, ನಮ್ಮ ಸ್ಪೆಲಿಂಗಿಗೆ ಉತ್ತರ ಕೊಟ್ಟ. ಆವತ್ತೇ ನೀವು ಚೆಕಿಂಗ್ ಮೇಜಿನಿಂದ ಎದ್ದು ಬಂದು, ‘ಇನ್ನೊಂದು ಸಲ ಇವನು ನಗಬಾರದು. ನಾಳೆಯಿಂದ ಬನ್ರೇ’ ಎಂದದ್ದು. ಪಾಠ ಹುಟ್ಟಿದ್ದೇ ಆ ಪದದಿಂದ. ಅದನ್ನೇ ನೋಡಿ ‘ಇದೂ ಚೆನ್ನಾಗಿದೆ’ ಎಂದು ಬರೆದಿರಿ.

ಓದಲಾರದ ಕಾಗದಕ್ಕೆ ಬೆರಳೂ ತಾಗಿಸಬೇಡಿ ಎಂದು ಕಲಿಸಿದವರು ನೀವು. ಓದಿ, ತಿಳಿದು, ಕಾಮಾ ಹಾಕಿ ನಮ್ಮ ಕತ್ತು ಕೊಯ್ದವರೂ ನೀವು. ಉತ್ತರ ಬರೆಯಬೇಡಿ.

ಕಾಲರ್ ವಿಭಾಗದ ಕಾರ್ಮಿಕಳು

ಏಪ್ರಿಲ್ 2

ರೈಲೇ,

ಉತ್ತರ ಬರೆಯಬೇಡಿ ಎಂದಿದ್ದೆ ನೀನು. ಇಷ್ಟು ದಿನ ಬರೆಯಲಿಲ್ಲ. ಬರೆದು ಹರಿದೆ, ಬರೆದು ಹರಿದೆ. ಇವತ್ತು ಹರಿಯುವುದಿಲ್ಲ.

ಕಳೆದ ವರ್ಷ ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ಬಾಯಿ ಓರೆಯಾಯಿತು. ಬಲಗೈ ಸತ್ತ ಹಾಗಾಯಿತು. ಲಕ್ವ. ಆಸ್ಪತ್ರೆಯಲ್ಲಿ ಬಹಳ ದಿನ ಇದ್ದೆ. ಬಾಯಿ ಸರಿಹೋಯಿತು, ಕೈ ಮುಕ್ಕಾಲು ಸರಿಹೋಯಿತು. ನಿಬ್ಬು ಹಾಳಾಗಿಲ್ಲ, ಹಾಳಾದದ್ದು ಕೈ. ಮನೆಗೆ ಬಂದು ಇಂಗ್ಲಿಷ್ ಪತ್ರಿಕೆ ಎತ್ತಿಕೊಂಡೆ. ಇರುವೆ ಸಾಲು. ಬರೀ ಇರುವೆ ಸಾಲು ಕಣೇ. ಅಕ್ಷರ ಅಕ್ಷರ ಎಂದು ಗೊತ್ತಾಗುತ್ತದೆ, ಏನು ಹೇಳುತ್ತಿದೆ ಎಂದು ಗೊತ್ತಾಗುವುದಿಲ್ಲ. ನಮ್ಮ ಮಾತು, ನಮ್ಮ ಅಕ್ಷರ ಪೂರ್ತಿ ಉಳಿದಿದೆ. ‘ತಾಯಿಯಿಂದ ಬಂದದ್ದು ಉಳಿಯಿತು, ಆಮೇಲೆ ಕಲಿತದ್ದು ಹೋಯಿತು. ಕೆಲವರಿಗೆ ಹೀಗಾಗುತ್ತೆ. ವಾಪಸ್ ಬಂದರೂ ಬರಬಹುದು’ ಎಂದರು ಡಾಕ್ಟರು. ಅವರೂ ‘ಮೇ’ ಅಂದರು, ‘ಷಲ್’ ಅನ್ನಲಿಲ್ಲ. ನಮ್ಮ ಜಗಳದ ಆ ಎರಡು ಪದ ಮಾತ್ರ ಯಾಕೋ ನನ್ನಲ್ಲಿ ಉಳಿದಿವೆ. ಕಥೆಗಳೆಲ್ಲ ಉಳಿದಿವೆ, ಭಾಷೆ ಇಲ್ಲ.

ನಿನ್ನ ಎರಡು ಇಂಗ್ಲಿಷ್ ಕಾಗದ ನನ್ನ ದಿಂಬಿನ ಕೆಳಗಿವೆ. ನಿನ್ನದೇ ಎಂದು ಅಕ್ಷರದ ಓಟದಿಂದ ಗೊತ್ತಾಯಿತು. ಮೂಸಿ ನೋಡಿದೆ, ಮೆಷಿನ್ ಎಣ್ಣೆಯ ವಾಸನೆ. ‘ದೊಡ್ಡಮ್ಮಾ, ನಾನು ಓದಿ ಹೇಳ್ಲಾ?’ ಎಂದು ತಂಗಿಯ ಮಗಳು ಕೇಳಿದಳು. ಬೇಡ ಎಂದೆ. ಅವಳು ನಿನಗಿಂತ ಚೆನ್ನಾಗಿ ಓದುತ್ತಾಳೆ, ಅದಕ್ಕೇ ಬೇಡವಾಯಿತು. ನಿನ್ನ ತಪ್ಪುಗಳ ಮೇಲೆ ಅವಳ ನಾಲಿಗೆ ಸಲೀಸಾಗಿ ಜಾರಿ ಹೋಗುವುದನ್ನು ಕೇಳಲಾರೆ ಅನಿಸಿತು. ಈ ಸಲ ನಮ್ಮ ಮಾತಿನಲ್ಲಿ ಬರೆದ ನಿನ್ನ ಕಾಗದ ಬಂದಾಗ, ಉಗುರು ಕೀಳುವಷ್ಟು ಅವಸರದಲ್ಲಿ ಒಡೆದು ಓದಿದೆ. ಕರಡನ್ನು ಮಾತ್ರ ಹಾಗೇ ಮಡಚಿ ವಾಪಸ್ ಕಳಿಸಿದೆ.

ಆ ಇಬ್ಬರು ಬಂದಾಗ ಮನೆಯಲ್ಲಿ ಯಾರೂ ಇರಲಿಲ್ಲ. ಕಾಗದ ಮುಂದಿಟ್ಟು, ‘ಓದಿ ನೋಡಿ ಮೇಡಂ, ಇಂಗ್ಲಿಷಿನಲ್ಲಿ ನಿಮ್ಮನ್ನು ಮೀರಿಸುವವರುಂಟೇ?’ ಎಂದರು. ಆಗ ನಾನು ಹೇಳಬೇಕಿತ್ತು. ಹೇಳಲಿಲ್ಲ. ಕನ್ನಡಕ ಏರಿಸಿದೆ. ಎಡದಿಂದ ಬಲಕ್ಕೆ ಕಣ್ಣು ಓಡಿಸಿದೆ. ಓದುವವಳ ಹಾಗೆ ಅಲ್ಲಲ್ಲಿ ನಿಂತೆ, ಹುಬ್ಬು ಗಂಟಿಕ್ಕಿದೆ. ಸಾಲದೆಂದು, ‘ಇಲ್ಲೊಂದು ಕಾಮಾ ಬಿಟ್ಟಿದ್ದೀರಲ್ಲ’ ಎಂದು ಕಂಡ ಕಡೆ ಪೆನ್ನು ಕುಟ್ಟಿದೆ. ‘ಮೇಡಂ ಬದಲಾಗೇ ಇಲ್ಲ!’ ಎಂದು ಅವರು ನಕ್ಕರು. ಆ ಮಾತು ನನಗೆ ಎಷ್ಟು ಹಿತವಾಯಿತೆಂದರೆ, ಕೆಳಗೆ ಸಹಿ ಹಾಕಿಬಿಟ್ಟೆ. ಆಮೇಲೆ ನಿನಗೆ ಅವರನ್ನು ‘ಒಳ್ಳೆಯ ಜನ’ ಎಂದು ಬೇರೆ ಬರೆದೆ.

ನಾನು ಬರುವುದಿಲ್ಲ. ಯಾವ ಮುಖ ಇಟ್ಟುಕೊಂಡು ಬರಲಿ? ನಿಮ್ಮೆಲ್ಲರ ನೆನಪಿನಲ್ಲಿ ಹಲಗೆಯ ಮುಂದೆ ನಿಂತಿರುವವಳು ಒಬ್ಬಳಿದ್ದಾಳೆ. ಅವಳಾದರೂ ಅಲ್ಲಿ ನಿಂತಿರಲಿ.

ಟೀಚರಕ್ಕ

ಏಪ್ರಿಲ್ 8

ಟೀಚರಕ್ಕ,

ನಿಮ್ಮ ಕಾಗದವನ್ನು ಮೊದಲು ಒಬ್ಬಳೇ ಓದಿದೆ. ಆಮೇಲೆ ಎಲ್ಲರಿಗೂ ಓದಿ ಹೇಳಿದೆ, ನಿಮ್ಮನ್ನು ಕೇಳದೆ. ಬೈಯಿರಿ, ಬೈಸಿಕೊಳ್ಳುತ್ತೇನೆ.

ಕೋಣೆಗೆ ಬೀಗ ಹಾಕಿದ್ದಾರೆ. ನಾವು ಬೀಗದ ಮುಂದೆ, ನಡುದಾರಿಯಲ್ಲಿ ರಟ್ಟಿನ ಪೆಟ್ಟಿಗೆಗಳ ನಡುವೆಯೇ ಕೂತು ಪಾಠ ಮಾಡುತ್ತಿದ್ದೇವೆ. ಓಡಾಡಲು ದಾರಿ ಇಲ್ಲವೆಂದು ಸೂಪರ್‌ವೈಸರ್ ಕಿರುಚುತ್ತಾನೆ. ‘ದಾರಿ ಬೇಕಾದ್ರೆ ಬಾಗಿಲು ತೆಗಿಯಪ್ಪಾ’ ಅನ್ನುತ್ತಾಳೆ ಅತ್ತೆ. ಅಲ್ಲೇ ನಿಮ್ಮ ಕಾಗದ ಓದಿದ್ದು. ಯಾರೂ ಅಳಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಕಾಮಾದ ಕಡೆ ಬಂದಾಗ ಮಾತ್ರ ಅತ್ತೆ ಮೂಗು ಒರೆಸಿಕೊಂಡು, ‘ಅಯ್ಯೋ ರಂಡೇಗಂಡ್ರಾ, ಲಕ್ವ ಹೊಡೆದವಳ ಕೈಯಲ್ಲೂ ಕಾಮಾ ಹಾಕಿಸಿಕೊಂಡು ಹೋದ್ರಲ್ಲೋ!’ ಎಂದಳು. ಅತ್ತವರೆಲ್ಲ ನಕ್ಕೆವು. ನಗುತ್ತಲೇ ಮತ್ತೆ ಅತ್ತೆವು.

ನಾನು ಬರೆದ ಮಾತುಗಳನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಒಂದನ್ನು ಬಿಟ್ಟು. ನೀವು ಕತ್ತು ಕೊಯ್ದದ್ದು ನಿಜ. ಹೊಲಿಯಬೇಕಾದವರೂ ನೀವೇ. ಬಾಣ ಬಿದ್ದ ಶರ್ಟು ಹೊಲಿದವಳ ಮೇಜಿಗೇ ಹೋಗುತ್ತದೆ.

ಒಪ್ಪಂದಕ್ಕೆ ನಮ್ಮ ಪರವಾಗಿ ಸಹಿ ಹಾಕಿದವರು ನೀವು. ಕಾರ್ಮಿಕ ಅಧಿಕಾರಿ ಹೇಳಿದ್ದಾರೆ: ಸಹಿ ಹಾಕಿದವರೇ ಎದುರು ಬಂದು ಹೇಳಿದರೆ ಆ ಕಾಗದದ ಬಗ್ಗೆ ಮತ್ತೆ ಕೇಳುತ್ತಾರಂತೆ, ಇಲ್ಲದಿದ್ದರೆ ಏಪ್ರಿಲ್ 23ರ ವಿಚಾರಣೆಯಲ್ಲೇ ಆದೇಶ ಬರೆಯುತ್ತಾರಂತೆ. ನೀವು ಅಲ್ಲಿ ನಿಂತು, ಆ ವಕೀಲನ ಮುಂದೆ, ನಮ್ಮೆಲ್ಲರ ಮುಂದೆ, ನಮ್ಮ ಮಾತಿನಲ್ಲೇ ಹೇಳಬೇಕು. ‘ಸಹಿ ಹಾಕಲಾಯಿತು’ ಎಂದಲ್ಲ. ಕರ್ತೃ ಸಮೇತ. ‘ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ. ನಾನು ಓದದೆ ಸಹಿ ಹಾಕಿದೆ’ ಎಂದು. ಅದನ್ನು ಇಂಗ್ಲಿಷಿಗೆ ಮಾಡಿ ಹೇಳುವವಳು ನಾನು.

ಕಷ್ಟ ಎಂದು ಗೊತ್ತು. ಹೊಸ ಮ್ಯಾನೇಜರ್ ನಗಬಹುದು. ಅವತ್ತು ಹಳೆಯವನೂ ನಕ್ಕಿದ್ದ, ಒಂದು ‘ಓ’ಗೆ. ಆವತ್ತು ನಾವು ಮನೆಗೆ ಹೋಗಿ ಮುಖ ಮುಚ್ಚಿಕೊಂಡು ಮಲಗಿದ್ದರೆ ನೀವು ಬಿಡುತ್ತಿದ್ದಿರಾ?

ಹಲಗೆಯ ಮುಂದೆ ನಿಂತಿರುವವಳು ಅಲ್ಲೇ ಇರಲಿ ಎಂದಿರಿ. ಆಗುವುದಿಲ್ಲ. ಆ ಜಾಗದಲ್ಲಿ ಈಗ ನಾನು ನಿಂತಿದ್ದೇನೆ. ನಿಮಗೆ ಮೂಟೆಯ ಮೇಲೆ ಜಾಗವಿದೆ, ಅತ್ತೆಯ ಪಕ್ಕ. ಮೊದಲಿನಿಂದ ಕಲಿಯುವುದಾದರೆ ಮೊದಲಿನಿಂದ ಕಲಿಸುತ್ತೇನೆ. ಬೈಯುವುದಿಲ್ಲ, ಅಳಿಸುವುದಿಲ್ಲ.

ರೈಲು

ಏಪ್ರಿಲ್ 15

ರೈಲೇ,

ಎಂಟನೆಯ ತಾರೀಕಿನ ನಿನ್ನ ಕಾಗದವನ್ನು ಇದರೊಂದಿಗೆ ವಾಪಸ್ ಕಳಿಸುತ್ತಿದ್ದೇನೆ. ಬಾಣ ಅಂಟಿಸಿದ್ದೇನೆ, ಎಣಿಸಿಕೋ. ಚೀಟಿಯ ಸುರುಳಿ ಪೆಟ್ಟಿಗೆಯ ತಳದಲ್ಲಿತ್ತು. ಅಂಟು ಒಣಗಿತ್ತು, ನಾಲಿಗೆಯಲ್ಲಿ ಒದ್ದೆ ಮಾಡಿ ಒತ್ತಬೇಕಾಯಿತು. ಇಂಗ್ಲಿಷ್ ಕಲಿಯುವ ಭರದಲ್ಲಿ ನಮ್ಮ ಅಕ್ಷರಗಳ ಹೊಟ್ಟೆ ಸೀಳುವುದನ್ನೇ ಮರೆತಿದ್ದೀಯ. ಅರ್ಧಕ್ಕರ್ಧ ಮಹಾಪ್ರಾಣ ಕಾಣೆಯಾಗಿದೆ. ಟೀಚರ್ ಆದವಳಿಗೆ ಇದು ಶೋಭೆಯಲ್ಲ. ಬರೆದವಳೇ ಬಿಚ್ಚು, ಬರೆದವಳೇ ಹೊಲಿ. ಅತ್ತೆಯ ಬೈಗುಳಕ್ಕೆ ಮಾತ್ರ ಬಾಣ ಹಾಕಿಲ್ಲ. ಅದು ಇದ್ದ ಹಾಗೇ ಸರಿಯಿದೆ.

ಈ ಕಾಗದವನ್ನು ಬರೆದವಳು ನಾನು. ಆ ಕಾಗದಕ್ಕೆ ಓದದೆ ಸಹಿ ಹಾಕಿದವಳೂ ನಾನು. ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಎರಡನ್ನೂ ಜೋರಾಗಿ ಹೇಳಿದೆ. ಮೊದಲ ಸಲ ನಾಲಿಗೆ ತೊಡರಿತು. ಎರಡನೆಯ ಸಲ ತೊಡರಲಿಲ್ಲ. ಅಡುಗೆಮನೆಯಿಂದ ತಂಗಿ ಓಡಿ ಬಂದು, ‘ಯಾರ ಜೊತೆ ಜಗಳ ಆಡ್ತಿದ್ದೀಯ ಅಕ್ಕಾ?’ ಎಂದಳು. ‘ನಮ್ಮ ಮ್ಯಾನೇಜರ್ ಜೊತೆ’ ಎಂದೆ. ಎಷ್ಟು ವರ್ಷವಾಗಿತ್ತು ಈ ಮಾತು ಆಡಿ!

ಡಿಪೋದಿಂದ ಹೊರಡುವ ಮೊದಲ ಬಸ್ಸಿಗೆ ಟಿಕೆಟ್ ತೆಗೆಸಿದ್ದೇನೆ. ಕರೆದುಕೊಂಡು ಹೋಗಲು ಯಾರೂ ಸ್ಟ್ಯಾಂಡಿಗೆ ಬರುವುದು ಬೇಡ, ಕಚೇರಿಯ ಮೆಟ್ಟಿಲ ಮೇಲೆ ನಿಂತಿರಿ. ವಿಚಾರಣೆ ಮುಗಿದ ಮೇಲೆ ಪಾಠ ಬಿಡುವ ಹಾಗಿಲ್ಲ. ಬೀಗ ಇದ್ದರೆ ಬೀಗದ ಮುಂದೆ. ಮೂಟೆಯ ಮೇಲಿನ ಜಾಗ ಹಿಡಿದಿಟ್ಟಿರಲು ಅತ್ತೆಗೆ ಹೇಳು. ಎ, ಬಿ, ಸಿ ಎಂದೇ ಶುರು ಮಾಡು, ನನಗೆ ನಾಚಿಕೆಯಿಲ್ಲ.

ಏಪ್ರಿಲ್ 23, ಗುರುವಾರ. ಬೆಳಿಗ್ಗೆ ಹನ್ನೊಂದಕ್ಕೆ ಕಾರ್ಮಿಕ ಅಧಿಕಾರಿಯ ಮುಂದೆ. ಸಂಜೆ ಐದೂವರೆಗೆ ನಿನ್ನ ಮುಂದೆ.